ಕೆಂಚಿಯ ಹೊರಬೆರಳು

ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಒಂದು ನಾಯಿ ಸಾಕಿದ್ದಾರೆ. ಕಣ್ಣು ಮುಚ್ಚುವಷ್ಟು ಕೂದಲು, ಸೋಫಾದ ಮೇಲೆ ನಿದ್ದೆ, ಮೂರು ಹೊತ್ತೂ ಮುದ್ದು. ಮೊನ್ನೆ ಬೆಳಿಗ್ಗೆ ನಾನು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಅದು ಅವರ ಟೈಲ್ಸ್ ನೆಲದ ಮೇಲೆ ಆ ಕೋಣೆಯಿಂದ ಈ ಕೋಣೆಗೆ ಓಡಾಡುತ್ತಿತ್ತು. ಟಿಕ್ ಟಿಕ್ ಟಿಕ್ ಟಿಕ್. ನಾನು ಪೇಪರಿನಿಂದ ತಲೆ ಎತ್ತದೆ, "ಅಮ್ಮಾ, ನಿಮ್ಮ ನಾಯಿಗೆ ಉಗುರು ಬೆಳೆದಿದೆ. ತೆಗೆಸಿಬಿಡಿ, ಬೆರಳಿಗೆ ತೊಂದರೆ" ಅಂದೆ. ಆ ಹೆಣ್ಣುಮಗಳು ಬಾಗಿಲಿಗೆ ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಈ ಕಡೆ ತಿರುಗಿಯೇ ಇಲ್ಲವಲ್ಲ ಅಂಕಲ್, ಹೇಗೆ ಗೊತ್ತಾಯಿತು? ನಾಯಿ ಡಾಕ್ಟರಾ ನೀವು?" ಎಂದಳು.

ಅಲ್ಲ ತಾಯಿ, ಚನ್ನಪಟ್ಟಣದಲ್ಲಿ ಮೂವತ್ತು ವರ್ಷದಿಂದ ಸುಟ್ಟ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿರುವವನು ನಾನು ಅಂದೆ. ಅವಳಿಗೆ ನನ್ನ ಮೇಲಿದ್ದ ಗೌರವ ಅಲ್ಲಿಗೆ ಅರ್ಧವಾಯಿತು. ಆದರೆ ಆ ಟಿಕ್ ಟಿಕ್ ಶಬ್ದ ನನ್ನನ್ನು ಬಿಡಲಿಲ್ಲ. ಅದು ನನಗೆ ಕಲಿಸಿಕೊಟ್ಟ ಪಾಠವಾಗಿತ್ತು. ಕಲಿಸಿದವರು ಒಬ್ಬ ಡಾಕ್ಟರಮ್ಮ, ಒಬ್ಬಳು ಅಕ್ಕ, ಒಬ್ಬ ಭಾವ. ಫೀಜು ಕಟ್ಟಿದವಳು ಒಂದು ನಾಯಿ. ಕೂತುಕೊಳ್ಳಿ, ಹೇಳುತ್ತೇನೆ. ನನ್ನ ಮಾತು ನೇರ ದಾರಿಯಲ್ಲಿ ಹೋಗುವುದಿಲ್ಲ, ಅಲ್ಲಲ್ಲಿ ನಿಂತು ನೀರು ಕುಡಿದು ಹೋಗುತ್ತದೆ. ಇದು ಹಿರಿಯರ ಬಾಯಿಂದ ಮಾತು ಕಲಿತವರಿಗೆಲ್ಲ ಇರುವ ರೋಗ.

ನಮ್ಮಕ್ಕನನ್ನು ಅಕ್ಕೂರಿಗೆ ಕೊಟ್ಟಿತ್ತು. ಭಾವ ಎಂದರೆ ಐದೂವರೆ ಅಡಿ ಎತ್ತರದ ಒಂದು ಅವಸರ. ಊಟಕ್ಕೆ ಕೂತರೆ ಮುದ್ದೆ ಆರುವವರೆಗೆ ಕಾಯದೆ ಬೆರಳು ಸುಟ್ಟುಕೊಳ್ಳುವ ಮನುಷ್ಯ. ಬಸ್ಸು ನಿಲ್ಲುವ ಮೊದಲೇ ಇಳಿದು, ಅದರ ಜೊತೆ ನಾಲ್ಕು ಹೆಜ್ಜೆ ಓಡಿ ಆಮೇಲೆ ನಿಲ್ಲುವವರು. ಇಂಥವರು ರೇಷ್ಮೆ ಹುಳು ಸಾಕುತ್ತಿದ್ದರು ಎಂಬುದೇ ನನಗೆ ಬಹುಕಾಲ ಆಶ್ಚರ್ಯವಾಗಿತ್ತು. ಹುಳು ಯಾರ ಅವಸರಕ್ಕೂ ಬಗ್ಗುವ ಪ್ರಾಣಿಯಲ್ಲ. ಅದು ತಿನ್ನುವ ದಿನ ತಿನ್ನುತ್ತದೆ, ಜ್ವರಕ್ಕೆ ಕೂರುವ ದಿನ ಕೂರುತ್ತದೆ. ಜ್ವರ ಅಂದರೆ ಮೈ ಬಿಸಿಯಲ್ಲ. ಹುಳು ಪೊರೆ ಬಿಡಲು ತಲೆ ಎತ್ತಿಕೊಂಡು ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಹಾಗೆ ಹೆಸರು. ಗೂಡು ಕಟ್ಟುವ ಮೊದಲು ಹುಳುವಿಗೆ ನಾಲ್ಕು ಜ್ವರ. ಹುಳುವಿನ ಮನೆಯೊಳಗೆ ಮಾತ್ರ ಭಾವ ಬೇರೆಯೇ ಮನುಷ್ಯ. ಹೊಸಿಲ ಹೊರಗೆ ಚಪ್ಪಲಿಯ ಜೊತೆಗೆ ಅವಸರವನ್ನೂ ಬಿಟ್ಟು ಒಳಗೆ ಹೋಗುತ್ತಿದ್ದರು. ಹೊರಗೆ ಬರುವಾಗ ಎರಡನ್ನೂ ಮೆಟ್ಟಿಕೊಂಡು ಬರುತ್ತಿದ್ದರು.

ಕೆಂಚಿ ಅವರಿಗೆ ಸಿಕ್ಕಿದ್ದು ಕುರಿಯವರಿಂದ. ಬೇಸಿಗೆಯಲ್ಲಿ ಬಡಗಣ ಸೀಮೆಯಿಂದ ಕುರಿ ಹೊಡೆದುಕೊಂಡು ಬರುವವರು ಗೊಬ್ಬರಕ್ಕೆಂದು ಹೊಲದಲ್ಲಿ ನಾಲ್ಕು ರಾತ್ರಿ ಮಂದೆ ನಿಲ್ಲಿಸುತ್ತಾರೆ. ಹಾಗೆ ನಿಂತವರ ಹತ್ತಿರ ಒಂದು ಬೇಟೆ ಜಾತಿಯ ಹೆಣ್ಣುಮರಿ ಇತ್ತು. ಕೆಂಚು ಮೈ, ಕಡ್ಡಿಯಂಥ ಕಾಲು, ಹಿಡಿಯಲ್ಲಿ ಹಿಡಿಯುವಂಥ ಸೊಂಟ. ಭಾವ ಅದನ್ನು ಕೇಳಿ ತಂದರು. ಅಕ್ಕ ನೋಡಿ, "ಇದಕ್ಕೇನು ಹೊಟ್ಟೇನೇ ಇಲ್ವಲ್ಲ, ಅನ್ನ ಎಲ್ಲಿಗೆ ಹೋಯ್ತದೆ?" ಎಂದು ಕೇಳಿದ್ದಳು. ಅನ್ನವೆಲ್ಲ ಕಾಲಿಗೆ ಹೋಗುತ್ತದೆ ಎಂದು ಒಂದು ವರ್ಷದಲ್ಲಿ ಎಲ್ಲರಿಗೂ ತಿಳಿಯಿತು. ಕೆಂಚಿ ಓಡುವುದನ್ನು ನೀವು ನೋಡಬೇಕಿತ್ತು. ಓಡುತ್ತಿದ್ದಾಳೆ ಅನ್ನಿಸುತ್ತಲೇ ಇರಲಿಲ್ಲ, ಯಾರೋ ಕೆಂಪು ಟವೆಲನ್ನು ಗಾಳಿಯಲ್ಲಿ ಬೀಸಿ ಒಗೆದ ಹಾಗೆ ಇರುತ್ತಿತ್ತು.

ರಾಗಿ ಕೊಯ್ಲಾದ ಮೇಲೆ ಮಾಗಡಿ ದಾರಿಯ ಒಂದು ಬಯಲಿನಲ್ಲಿ ಭಾನುವಾರಗಳಂದು ಸುತ್ತಮುತ್ತಲ ನಾಯಿಗಳ ಓಟ ನಡೆಯುತ್ತಿತ್ತು. ಕುದೂರಿನವರು ಬರುತ್ತಿದ್ದರು, ಕೋಡಿಹಳ್ಳಿಯವರು ಬರುತ್ತಿದ್ದರು, ಅಕ್ಕೂರಿನಿಂದ ನಾವು. ಮೊಲ ಬಿಡುವುದು ಗಿಡುವುದು ಏನೂ ಇಲ್ಲ. ಬಯಲಿನ ಈ ತುದಿಯಲ್ಲಿ ಎರಡು ನಾಯಿಗಳನ್ನು ಇಬ್ಬರು ಹಿಡಿದು ನಿಲ್ಲುತ್ತಾರೆ. ಆ ತುದಿಯಲ್ಲಿ ಸಾಕಿದವರು ನಿಂತು ಕೂಗುತ್ತಾರೆ. ನಡುವಿನವನು ಟವೆಲ್ ಬೀಸಿದಾಗ ಹಿಡಿದವರು ಬಿಡಬೇಕು. ನಾಯಿ ತನ್ನ ಯಜಮಾನನ ದನಿಗೆ ಓಡುತ್ತದೆ, ಮೊದಲು ತಲುಪಿದ್ದು ಗೆದ್ದ ಹಾಗೆ. ಬಹುಮಾನ ಒಂದು ಹೂವಿನ ಹಾರ. ಅದನ್ನು ನಾಯಿಗೆ ಹಾಕಿದರೆ ತಿಂದುಬಿಡುತ್ತದೆ ಎಂದು ಯಜಮಾನನಿಗೇ ಹಾಕುತ್ತಿದ್ದರು.

ಕೆಂಚಿಯನ್ನು ಹಿಡಿಯುವ ಕೆಲಸ ನನ್ನದು. ನಾಯಿಯ ಓಟದಲ್ಲಿ ಹಿಡಿಯುವವನಿಗಿಂತ ಮರ್ಯಾದೆ ಇಲ್ಲದ ಹುದ್ದೆ ಇನ್ನೊಂದಿಲ್ಲ. ಗೆದ್ದರೆ ಎಲ್ಲರೂ ಆ ತುದಿಗೆ ಓಡುತ್ತಾರೆ, ನೀವು ಈ ತುದಿಯಲ್ಲಿ ಧೂಳು ಕುಡಿಯುತ್ತ ನಿಂತಿರುತ್ತೀರಿ. ಸೋತರೆ ಮಾತ್ರ ಎಲ್ಲರೂ ನಿಮ್ಮ ಕಡೆ ತಿರುಗುತ್ತಾರೆ. "ತಡವಾಗಿ ಬುಟ್ಟೆ ಕಣ್ಲಾ ಬಾಮೈದ" ಎನ್ನುವುದು ಭಾವನ ಖಾಯಂ ತೀರ್ಪು.

ಆ ವರ್ಷಗಳಲ್ಲಿ ನಮ್ಮ ಸೀಮೆ ಮಗ್ಗುಲು ಬದಲಿಸುತ್ತಿತ್ತು. ಬೆಂಗಳೂರಿನ ಕಡೆಯಿಂದ ಕಾರ್ಖಾನೆಗಳು ಒಂದೊಂದಾಗಿ ಇತ್ತ ಜರುಗುತ್ತಿದ್ದವು, ಹೆದ್ದಾರಿ ಅಗಲವಾಗುತ್ತಿತ್ತು. ಅದಕ್ಕೆಲ್ಲ ಕಲ್ಲು ಬೇಕು. ಅಕ್ಕೂರಿನ ಹತ್ತಿರವೂ ಒಂದು ಕ್ರಷರ್ ಬಂತು, ಅದರ ಲಾರಿಗಳಿಗಾಗಿ ನಮ್ಮ ಮೆತ್ತನೆಯ ಗಾಡಿದಾರಿಗೆ ಜಲ್ಲಿ ಸುರಿದು ರೋಲರ್ ಓಡಿಸಿದರು. ಊರಿಗೆ ಒಳ್ಳೆ ರಸ್ತೆ ಬಂತು ಎಂದು ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಭಾವ. ಬೆಳಿಗ್ಗೆ ಎದ್ದು ಸ್ಕೂಟರ್ ತೆಗೆದರೆ ಹಿಂದೆ ಕೆಂಚಿ. ಮೊದಲು ಮಣ್ಣಿನ ದಾರಿಯಲ್ಲಿ ನಡೆಯುತ್ತಿದ್ದ ಈ ಕಸರತ್ತು ಈಗ ಜಲ್ಲಿಯ ಮೇಲೆ, ಮೊದಲಿಗಿಂತ ಜೋರಾಗಿ.

ಒಂದು ಸೋಮವಾರ ಭಾವ ಕೆಂಚಿಯನ್ನು ಸ್ಕೂಟರಿನ ಮುಂದುಗಡೆ ನಿಲ್ಲಿಸಿಕೊಂಡು ನನ್ನ ಅಂಗಡಿಗೇ ಬಂದರು. ಎಡ ಮುಂಗಾಲನ್ನು ಅವಳು ಎದೆಗೆ ಅವಚಿಕೊಂಡಿದ್ದಳು. ತೆರೆದು ನೋಡಿದರೆ ಹೊರಗಿನ ಬೆರಳು ಊದಿ, ಗುಂಪಿನಿಂದ ಮುನಿಸಿಕೊಂಡು ನಿಂತವನ ಹಾಗೆ ಪಕ್ಕಕ್ಕೆ ವಾಲಿತ್ತು. ಕ್ರಷರಿನ ತಿರುವಿನಲ್ಲಿ ಜೋರಾಗಿ ತಿರುಗುವಾಗ ಆದದ್ದಂತೆ.

"ಸುತ್ತಲಾ" ಎಂದರು ಭಾವ.

"ಏನು ಸುತ್ತಲಿ?"

"ಬಟ್ಟೆ ಸುತ್ತು. ಮೋಟ್ರು ಸುತ್ತೋನ್ಗೆ ಒಂದ್ ಬೆರಳು ಸುತ್ತಕ್ಕಾಗಲ್ವಾ?"

ಆಗುತ್ತದೆ ಎಂದುಕೊಂಡದ್ದು ನನ್ನ ತಪ್ಪು. ಮೋಟರಿನ ಸುರುಳಿಗೆ ಕಟ್ಟುವ ಬಿಳಿ ನೂಲಿನ ಟೇಪು ತೆಗೆದು, ಒಂದರ ಮೇಲೆ ಒಂದು ಅರ್ಧ ಅರ್ಧ ಕೂರುವ ಹಾಗೆ, ಒಂದೆಳೆ ಸಡಿಲವಿಲ್ಲದೆ ಸುತ್ತಿದೆ. ನೋಡಲು ಬಹಳ ಚೆನ್ನಾಗಿತ್ತು. ವಾರ್ನಿಷ್ ಒಂದು ಬಳಿದಿರಲಿಲ್ಲ ಅಷ್ಟೆ. ಮಾರನೆಯ ದಿನ ಪಾದ ಬದನೆಕಾಯಿಯಾಗಿ ಊದಿಕೊಂಡಿತು. ಅಕ್ಕ ಬ್ಲೇಡಿನಿಂದ ಟೇಪು ಕತ್ತರಿಸಿ, ಗೂಡಿನ ಮೇಲಿಂದ ತೆಗೆದ ನವಿರಾದ ನೂಲನ್ನು ಬೆರಳುಗಳ ಸಂದಿಗೆ ಮೆತ್ತೆಯಂತೆ ತುರುಕಿ, ಹಳೆಯ ಪಂಚೆಯ ಚೂರಿನಿಂದ ಸಡಿಲವಾಗಿ ಕಟ್ಟಿದಳು. ಹತ್ತು ದಿನಕ್ಕೆ ಕುಂಟು ನಿಂತಿತು. ಹನ್ನೊಂದನೆಯ ದಿನ ಭಾವ ಸ್ಕೂಟರ್ ತೆಗೆದರು.

ತಿಂಗಳಾಗಲಿಲ್ಲ, ಮತ್ತೆ ಅದೇ ಕಾಲು, ಅದೇ ಬೆರಳು.

ಈ ಸಲ ಭಾವ ನೀಲಗಿರಿ ಎಣ್ಣೆಯ ಬಾಟಲಿ ತಂದು ಹೊತ್ತು ಹೊತ್ತಿಗೆ ತಿಕ್ಕತೊಡಗಿದರು. ಈಗ ರೇಷ್ಮೆ ಸಾಕಿದವರನ್ನು ಕೇಳಿ ನೋಡಿ, ಹುಳುವಿಗೆ ಘಾಟು ವಾಸನೆ ಆಗುವುದಿಲ್ಲ. ಬೀಡಿ ಸೇದಿದವನನ್ನು ಹುಳುವಿನ ಮನೆಯ ಹತ್ತಿರ ಬಿಡುವುದಿಲ್ಲ. ಅಂಥದ್ದರಲ್ಲಿ ಜಗಲಿಯ ಮೇಲೆ ನೀಲಗಿರಿ ಘಮಘಮಿಸುವ ನಾಯಿ, ಅದನ್ನು ತಿಕ್ಕಿದ ಕೈಯಲ್ಲೇ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಲು ಹೊರಟ ಯಜಮಾನ. ಅಕ್ಕ ಹೊಸಿಲಿಗೆ ಅಡ್ಡ ನಿಂತಳು.

"ಒಳೀಕೆ ಕಾಲಿಟ್ಟೀರಾ ಜೋಕೆ! ಒಂದು ನಾಯಿ ಬೆರಳಿಗೆ ಇಡೀ ಬೆಳೆ ಬಲಿ ಕೊಡ್ತೀರಾ?"

"ಕೈ ತೊಳ್ಕತೀನಿ ಕಣೆ."

"ಕೈಯಲ್ಲ, ಮೈ ತೊಳ್ಕೊಂಡು ಬನ್ನಿ. ಆ ನಾಯೀನೂ ಕರ್ಕೊಂಡೋಗಿ ತೊಳ್ಕೊಂಡು ಬನ್ನಿ."

ಇಬ್ಬರೂ ಹೋಗಿ ಕೆರೆಯಲ್ಲಿ ಮಿಂದು ಬಂದರು. ಆ ಭಾನುವಾರ ನಾನು ಹೋದಾಗ ಒಂದೇ ಹಗ್ಗದ ಮೇಲೆ ಭಾವನ ಪಂಚೆಯೂ ಕೆಂಚಿಯ ಪಟ್ಟಿಯೂ ಒಣಗುತ್ತಿದ್ದವು.

ಎಣ್ಣೆಯಿಂದಲೋ ಸ್ನಾನದಿಂದಲೋ ಮತ್ತೆ ಹದಿನೈದು ದಿನಕ್ಕೆ ಕುಂಟು ನಿಂತಿತು. ಮತ್ತೆ ಸ್ಕೂಟರ್. ಮೂರನೆಯ ಸಲ ಬೆರಳು ವಾಲಿದಾಗ ಕೆಂಚಿ ಅಳಲೂ ಇಲ್ಲ. ತಾನಾಗಿಯೇ ಜಗಲಿಗೆ ಬಂದು ಕಾಲು ಮುಂದೆ ಚಾಚಿ, ಇನ್ನು ನೀವುಂಟು ನಿಮ್ಮ ಬಟ್ಟೆಯುಂಟು ಎಂಬಂತೆ ಮಲಗಿಬಿಟ್ಟಳು. ಅದನ್ನು ನೋಡಿ ಇನ್ನು ಮನೆಮದ್ದು ಸಾಕು ಅನ್ನಿಸಿತು. ದಾರಿಗೆ ಬೇಕಾಗುತ್ತದೆಂದು ನಾನೇ ಪಟ್ಟಿ ಕಟ್ಟಿ, ಚನ್ನಪಟ್ಟಣಕ್ಕೆ ದನದ ಡಾಕ್ಟರರ ಹತ್ತಿರ ಭಾವನನ್ನು ಹೊರಡಿಸಿ ಜೊತೆಗೇ ಹೋದೆ.

ಆಗ ಅಲ್ಲಿಗೆ ಹೊಸದಾಗಿ ಒಬ್ಬ ಡಾಕ್ಟರಮ್ಮ ಬಂದಿದ್ದರು. ಬಾಗಲಕೋಟೆ ಕಡೆಯವರು. ಎಮ್ಮೆ, ಹಸು, ಕುರಿ ಎಲ್ಲ ನೋಡಿ ನೋಡಿ ಬೇಸತ್ತಿದ್ದವರ ಮುಖ ಕೆಂಚಿಯನ್ನು ಕಂಡದ್ದೇ ಅರಳಿತು. "ಅಯ್ಯ, ನಮ್ಮೂರ ಹುಡುಗಿ ಬಂದಾಳಲ್ಲ!" ಎಂದು ನೆಲದ ಮೇಲೇ ಕೂತುಬಿಟ್ಟರು. ಪಟ್ಟಿ ಬಿಚ್ಚುತ್ತ ಬಿಚ್ಚುತ್ತ ಹುಬ್ಬು ಗಂಟಾಯಿತು.

"ಯಾರು ಕಟ್ಟ್ಯಾರ್ರೀ ಇದನ್ನ? ಮೋಟರಿಗೆ ಸುತ್ತಿದಂಗ ಸುತ್ಯಾರಲ್ಲ!"

ಭಾವ ಬಹಳ ಸಂತೋಷದಿಂದ ನನ್ನ ಕಡೆ ಕೈ ತೋರಿಸಿ, "ಮೋಟ್ರು ಸುತ್ತೋನೇ ಕಣವ್ವ ಇವ್ನು" ಎಂದರು.

ಡಾಕ್ಟರಮ್ಮ ನನ್ನ ಕಡೆ ಒಂದು ಸಲ ನೋಡಿ, ನೋಡಿದ್ದು ಸಾಕೆಂದು ಮತ್ತೆ ಪಾದಕ್ಕೆ ತಿರುಗಿದರು. ಬೆರಳನ್ನು ಮೆಲ್ಲಗೆ ಆ ಕಡೆ ಈ ಕಡೆ ಬಾಗಿಸಿದರು. ಆಮೇಲೆ ಕೆಂಚಿಯನ್ನು ಸಿಮೆಂಟು ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಸಿ, ಕಣ್ಣು ಮುಚ್ಚಿ, "ಕೇಳ್ರಿ" ಎಂದರು. ಟಿಕ್ ಟಿಕ್ ಟಿಕ್. "ಉಗುರು ನೆಲಕ್ಕ ಬಡೀತಾವ. ಓಡೋ ನಾಯಿಗೆ ಈ ಸಪ್ಪಳ ಬರಬಾರದು. ಎಷ್ಟು ದಿನ ಆತು ತೆಗೆದು?"

ಭಾವ ಕೆಂಚಿಯ ಕಿವಿ ಸವರತೊಡಗಿದರು. ನಾನೇ ಹೇಳಬೇಕಾಯಿತು. ತೆಗೆದೇ ಇಲ್ಲ. ನಾಯಿ ನಮ್ಮ ಮನೆದೇವರು ಭೈರವನ ವಾಹನ, ಆದ್ದರಿಂದ ಅದರ ಉಗುರಿಗೂ ವಾರ ನೋಡಬೇಕು ಎಂಬುದು ಭಾವನ ಶಾಸ್ತ್ರ. ಮಂಗಳವಾರ, ಶುಕ್ರವಾರ ಮನುಷ್ಯರೇ ಉಗುರು ತೆಗೆಯುವುದಿಲ್ಲ. ಸೋಮವಾರ ಶಿವನ ವಾರ, ಭೈರವ ಶಿವನ ಕಡೆಯವನೇ. ಶನಿವಾರ ಹೇಳುವುದೇ ಬೇಡ. ಗುರುವಾರ ಭಾವನ ಅವ್ವ ತೀರಿಕೊಂಡ ವಾರ. ಬುಧವಾರ ಪುರಸೊತ್ತಿಲ್ಲ. ಉಳಿದದ್ದು ಭಾನುವಾರ, ಅಂದು ಓಟ.

"ಹಂಗಾದ್ರ ಇವತ್ತು ಯಾವ ವಾರ?"

"ಸುಕ್ರವಾರ ಕಣವ್ವ" ಎಂದರು ಭಾವ, ಇದೊಂದು ದಿನ ತಪ್ಪಿತು ಎಂಬ ಧೈರ್ಯದಲ್ಲಿ.

ಡಾಕ್ಟರಮ್ಮ ಅವರ ತೋರುಬೆರಳು ಹಿಡಿದು, ಅದರ ತುದಿಗೆ ಒಂದು ಪೆನ್ನು ಒತ್ತಿಟ್ಟು ದಾರ ಸುತ್ತಿದರು. ಆಮೇಲೆ ಪೆನ್ನಿನ ತುದಿಯನ್ನು ಮೇಜಿಗೆ ಊರಿಸಿ ಸ್ವಲ್ಪ ಅದುಮಿದರು. ಭಾವ ಹಾ ಎಂದರು.

"ಎಲ್ಲಿ ನೋವಾತು ಗೌಡ್ರ? ತುದಿಯಾಗೋ, ಗಂಟಿನಾಗೋ?"

"ಗಂಟ್ನಲ್ಲಿ."

"ಇಷ್ಟ ನೋಡ್ರಿ. ಮೆತ್ತನ ಮಣ್ಣಿದ್ದಾಗ ಉಗುರು ಒಳಗ ಇಳೀತಿತ್ತು, ನಡೀತು. ಈಗ ಜಲ್ಲಿ ಮ್ಯಾಲ ಓಡಸ್ತೀರಿ. ಉಗುರು ಇಳಿಯಂಗಿಲ್ಲ, ಬೆರಳನ್ನ ಹಿಂದಕ್ಕ ನೂಕತದ. ಎಲುಬಿಗೆ ಎಲುಬು ಕಟ್ಟಿದ ಹಗ್ಗ ಒಳಗಿರ್ತದ, ಲಿಗಮೆಂಟು ಅಂತೀವಿ, ಅದು ಹರೀತದ. ಕುಂಟೋದು ನಿಂತ ಕೂಡ್ಲೆ ಮಾಗೇತಿ ಅಂತ ನಿಮಗ ಯಾರು ಹೇಳ್ಯಾರ? ನೋವು ಹೋಗಿರ್ತದ ಅಷ್ಟ. ಹಗ್ಗ ಇನ್ನೂ ಹಸೀನ ಇರ್ತದ. ಅಷ್ಟ್ರಾಗ ಮತ್ತ ಓಡಸ್ತೀರಿ."

ಆಮೇಲೆ ದನಿ ಬದಲಿಸಿ ಹೇಳಿದ ಮಾತಿನಿಂದ ಭಾವನ ಮುಖ ಇಳಿಯಿತು. ಇನ್ನೊಂದು ಸಲ ಹರಿದರೆ ಗಂಟು ಪೂರಾ ಸಡಿಲವಾಗುತ್ತದೆ. ಆಗ ಬೆರಳನ್ನೇ ತೆಗೆಯಬೇಕಾಗಬಹುದು. ಕೆಂಚಿ ಬದುಕುತ್ತಾಳೆ, ನಡೆಯುತ್ತಾಳೆ, ಓಡುವ ಮಾತು ಮಾತ್ರ ಮುಗಿಯಿತು. ಎರಡು ತಿಂಗಳು ಹಗ್ಗದಲ್ಲಿ ಹಿಡಿದು ನಡೆಸುವುದು ಬಿಟ್ಟರೆ ಇನ್ನೇನೂ ಕೂಡದು.

ಅಂದು ಶುಕ್ರವಾರವೇ ಕೆಂಚಿಯ ಉಗುರು ಹೋಯಿತು. ಕತ್ತರಿಯ ಒಂದೊಂದು ಸದ್ದಿಗೂ ಗೋಡೆಯ ಕಡೆ ತಿರುಗಿ ನಿಂತ ಭಾವನ ಬಾಯಿ ಭೈರವನ ಹೆಸರು ಹೇಳುತ್ತಿತ್ತು. ಹದಿನಾರನೆಯ ಸದ್ದಿಗೆ ತಿರುಗಿ, "ಆಯ್ತಾ?" ಎಂದರು. ಕೆಂಚಿ ಡಾಕ್ಟರಮ್ಮನ ಕೆನ್ನೆ ನೆಕ್ಕುತ್ತಿದ್ದಳು.

ಮನೆಗೆ ಬಂದ ಮೇಲೆ ಭಾವ ಎರಡು ತಿಂಗಳನ್ನು ಕಡಿಮೆ ಮಾಡಲು ಶುರುಮಾಡಿದರು. ಎರಡು ತಿಂಗಳು ಅಂದರೆ ಆಸ್ಪತ್ರೆಯವರ ಲೆಕ್ಕ, ನಮಗೆ ಒಂದು ಸಾಕು; ಒಂದು ಅಂದರೆ ಇಪ್ಪತ್ತು ದಿನ. ಅಕ್ಕ ಸೊಪ್ಪು ಕೊಚ್ಚುತ್ತ ಕೇಳಿಸಿಕೊಳ್ಳುತ್ತಿದ್ದಳು. ಕುಡುಗೋಲು ನಿಲ್ಲಿಸದೆ ಕೇಳಿದಳು:

"ಹುಳ ಮೂರ್ನೇ ಜ್ವರಕ್ಕೆ ಕುಂತ್ರೆ ಏನ್ ಮಾಡ್ತೀರಿ?"

"ಸೊಪ್ಪು ನಿಲ್ಲಿಸ್ತೀನಿ. ಇದೇನ್ ಕೇಳ್ತೀಯೆ?"

"ನಾಕ್ ಹುಳ ಮೊದ್ಲೇ ಎದ್ದು ತಲೆ ಆಡಿಸಿದ್ವು ಅನ್ಕಳಿ. ಸೊಪ್ ಹಾಕ್ತೀರಾ?"

"ತಲೆ ಕೆಟ್ಟೈತಾ? ಎಲ್ಲಾವೂ ಏಳ್ಬೇಕು. ಎದ್ದಿರೋವ್ಕೆ ಹಾಕುದ್ರೆ ಕುಂತಿರೋವು ಸೊಪ್ಪಿನಡೀಲಿ ಸಾಯ್ತವೆ."

"ಸರಿ. ಕೆಂಚಿ ಬೆರಳು ಜ್ವರಕ್ಕೆ ಕುಂತೈತೆ. ಕುಂಟೋದು ನಿಂತ್ರೆ ನಾಕ್ ಹುಳ ಎದ್ದಂಗೆ. ನೀವು ಪ್ರತಿ ಸಲಾನೂ ಅಷ್ಟಕ್ಕೇ ಸೊಪ್ಪು ಸುರೀತಾ ಇದ್ದೀರಿ."

ಡಾಕ್ಟರಮ್ಮನ ಪೆನ್ನು ಮಾಡದ ಕೆಲಸವನ್ನು ಅಕ್ಕನ ಹುಳು ಮಾಡಿತು. ಆಗ ಮೊಟ್ಟೆ ಒಡೆದು ಹೊಸ ಬೆಳೆ ಶುರುವಾಗಿತ್ತು. ಆ ಬೆಳೆ ಗೂಡಾಗಿ ಮಾರ್ಕೆಟ್ಟಿಗೆ ಹೋಗಬೇಕು, ಅದರ ಮೇಲೆ ಇನ್ನೊಂದು ಬೆಳೆ ಆಗಬೇಕು, ಅಲ್ಲಿಯವರೆಗೆ ಕೆಂಚಿಗೆ ಓಟವಿಲ್ಲ. ಎರಡು ತಿಂಗಳು ಎಂದರೆ ಅರ್ಥವಾಗದ ಮನುಷ್ಯನಿಗೆ ಎರಡು ಬೆಳೆ ಎಂದರೆ ಚೆನ್ನಾಗಿ ಅರ್ಥವಾಯಿತು.

ಮೊದಲನೆಯ ಬೆಳೆ ಚೆನ್ನಾಗಿ ಬಂತು. ಗೂಡು ಮಾರಲು ರಾಮನಗರಕ್ಕೆ ಹೋದ ಭಾವ ಅಲ್ಲಿಂದ ಒಂದು ಸುದ್ದಿ ತಂದರು. ಓಟದ ಬಯಲು ಕಾರ್ಖಾನೆಗೆ ಹೋಯಿತಂತೆ. ಸುತ್ತ ಬೇಲಿ ಹಾಕುವ ಮೊದಲು, ಬರುವ ಭಾನುವಾರ ಕೊನೆಯ ಓಟವಂತೆ. ಸುದ್ದಿ ಹೇಳಿದವರು ಕೋಡಿಹಳ್ಳಿಯ ಮಾದೇವಣ್ಣ. ಅವರದೊಂದು ಬೂದು ನಾಯಿ, ಸರ್ದಾರ ಅಂತ. ಹಿಂದಿನ ವರ್ಷ ಕೆಂಚಿಯ ಹಿಂದೆ ಧೂಳು ತಿಂದದ್ದು ಅದು. ಮಾದೇವಣ್ಣ ಗೂಡಿನ ಮಾರ್ಕೆಟ್ಟಿನ ನಡುಮಧ್ಯೆ ನಿಂತು, "ಗೌಡ್ರು ಬರಲ್ಲ ಬುಡಿ. ಅವ್ರ ನಾಯಿ ಬಾಣಂತಿ ಥರ ಬಟ್ಟೆ ಸುತ್ಕೊಂಡು ಮನಗೈತಂತೆ" ಎಂದಿದ್ದರು.

ಈ ಮಾತು ಭಾವನ ಒಳಗೆ ಹೋಗಿ ಏನು ಮಾಡಿತೋ ನನಗೆ ಗೊತ್ತಿಲ್ಲ. ಭಾನುವಾರ ಅಂಗಡಿಯ ಬಾಗಿಲು ತೆಗೆದು ಗುಡಿಸುತ್ತಿದ್ದೆ. ಸ್ಕೂಟರ್ ಬಂದು ನಿಂತಿತು. ಮುಂದೆ ಕೆಂಚಿ.

"ಹತ್ತಲಾ. ಅಕ್ಕನ್ಗೆ ಹೇಳಿಲ್ಲ."

"ಬಾವ, ಇನ್ನೊಂದು ಬೆಳೆ ಆಗ್ಬೇಕಲ್ಲ."

"ಬಯಲೇ ಇರಲ್ಲ ಕಣ್ಲಾ! ಬೆಳೆ ಆದ್ಮೇಲೆ ಎಲ್ಲಿ ಓಡ್ಸಾನ, ನಿನ್ನ ಅಂಗಡೀಲಾ? ಕುಂಟ್ತಾ ಇಲ್ಲ ನೋಡು. ಒಂದೇ ಒಂದು ಸಲ. ಜಲ್ಲಿ ಅಲ್ಲ, ಮಣ್ಣು."

ನಾನು ಹತ್ತಿದೆ. ಇದನ್ನು ಒಪ್ಪಿಕೊಳ್ಳಲೇಬೇಕು. ಮೂವರೂ ಒಂದು ಸ್ಕೂಟರಿನಲ್ಲಿ, ಬುದ್ಧಿ ಇದ್ದವಳು ಕೆಂಚಿ ಒಬ್ಬಳೇ, ಅವಳಿಗೂ ಓಡುವ ಆಸೆ. ರಾಮನಗರ ದಾಟಿ ಮಾಗಡಿ ದಾರಿ ಹಿಡಿದಾಗ ಅವಳ ಕಿವಿಗಳು ಎದ್ದು ನಿಂತವು.

ಬಯಲಿನಲ್ಲಿ ಜನ ಹಿಂದೆಂದೂ ಇಲ್ಲದಷ್ಟು ಸೇರಿತ್ತು. ಬೇಲಿಯ ಕಲ್ಲುಕಂಬಗಳನ್ನು ಆಗಲೇ ತಂದು ಒಂದು ಪಕ್ಕಕ್ಕೆ ಮಲಗಿಸಿದ್ದರು, ಜನ ಅವುಗಳ ಮೇಲೇ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಕೆಂಚಿ ಮತ್ತು ಸರ್ದಾರನ ಜೋಡಿ ಕರೆದರು. ಭಾವ ಆ ತುದಿಗೆ ಹೋದರು. ನಾನು ಗೆರೆಯ ಹಿಂದೆ ಮಂಡಿಯೂರಿ ಕೆಂಚಿಯ ಎದೆಗೂ ಸೊಂಟಕ್ಕೂ ಕೈ ಕೊಟ್ಟು ಹಿಡಿದೆ. ನನ್ನ ಅಂಗೈಯಲ್ಲಿ ಅವಳ ಎದೆ ಮೋಟರಿನ ಹಾಗೆ ಅದುರುತ್ತಿತ್ತು. ಅಷ್ಟು ದೂರದಿಂದ ಭಾವನ ಕೂಗು ಬಂತು: "ಬಾರೇ ನಮ್ಮವ್ವಾ, ಬಾರೇ ಬಾರೇ!"

ಅವಳು ಪೂರಾ ಮುಂದಕ್ಕೆ ವಾಲಿದಳು. ಆಗ ನೋಡಿದೆ. ಮೂರು ಕಾಲು ನೆಲ ಒತ್ತಿ ನಿಂತಿದ್ದವು, ಎಡ ಮುಂಗಾಲು ಮಾತ್ರ ನೆಲಕ್ಕೆ ತಾಗಿಯೂ ತಾಗದ ಹಾಗೆ. ಕುಂಟು ಇರಲಿಲ್ಲ. ಆದರೆ ಭಾರ ಹಾಕುವ ಹೊತ್ತಿಗೆ ಅವಳು ಆ ಕಾಲನ್ನು ಕೇಳಿದರೆ, ಅದು ಒಲ್ಲೆ ಅನ್ನುತ್ತಿತ್ತು.

ಟವೆಲ್ ಬೀಸಿದರು. ಸರ್ದಾರ ಬಾಣದ ಹಾಗೆ ಹೋಯಿತು. ನಾನು ಬಿಡಲಿಲ್ಲ.

ಆಮೇಲೆ ಈ ಕತೆ ಹೇಳುವಾಗಲೆಲ್ಲ ನಾನು ಆಗ ಬಹಳ ವಿವೇಕದಿಂದ ಯೋಚಿಸಿ ಬಿಡಲಿಲ್ಲ ಎಂದು ಹೇಳಿಕೊಂಡಿದ್ದೇನೆ. ನಿಮ್ಮ ಹತ್ತಿರ ಸುಳ್ಳೇಕೆ? ಅಕ್ಕನ ಮುಖ ಕಣ್ಣ ಮುಂದೆ ಬಂದು ಬೆರಳು ಮರಗಟ್ಟಿದವು.

"ಬುಡ್ಲಾ! ಬುಡು! ಏಯ್ ಬುಡೋ!" ಎಂದು ಆ ತುದಿಯಿಂದ ಭಾವ. ಸರ್ದಾರ ಅವರನ್ನು ದಾಟಿ ಮಾದೇವಣ್ಣನ ಎದೆಗೆ ಹಾರಿಯೂ ಆಯಿತು. ನಾನು ಇನ್ನೂ ಹಿಡಿದೇ ಇದ್ದೆ. ಆಗ ಭಾವನಿಗೆ ತಡೆಯಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ, ನನ್ನನ್ನು ಕೊಂದೇಬಿಡುವವರ ಹಾಗೆ, ಆ ತುದಿಯಿಂದ ಈ ತುದಿಗೆ ಓಡತೊಡಗಿದರು. ಕಲ್ಲುಕಂಬದ ಮೇಲಿದ್ದ ಜನವೆಲ್ಲ ಎದ್ದು ನಿಂತು ಶಿಳ್ಳೆ ಹೊಡೆದರು. "ಗೌಡ್ರು ಬುಟ್ರು ನೋಡ್ರಪ್ಪೋ!" "ನೆಗೀರಿ ಗೌಡ್ರೆ!" ಸುಳ್ಳು ಹೇಳಬಾರದು, ಆ ವಯಸ್ಸಿಗೆ ಚೆನ್ನಾಗಿಯೇ ಓಡಿದರು. ನಮ್ಮಿಂದ ಹತ್ತು ಮಾರು ಇರುವಾಗ ಟ್ರಾಕ್ಟರ್ ಚಕ್ರದ ಹಳ್ಳಕ್ಕೆ ಕಾಲು ಹೊರಳಿ, ಧೂಳೆಬ್ಬಿಸಿ ಕೂತುಬಿಟ್ಟರು.

ಆಗ ಕೆಂಚಿಯನ್ನು ಬಿಟ್ಟೆ. ಅವಳು ಮೆಲ್ಲಗೆ ನಡೆದು ಹೋಗಿ ಅವರ ಮುಖ ನೆಕ್ಕಿದಳು. ನಾನೂ ಹೋಗಿ, ಬೈಗುಳಕ್ಕೆ ತಯಾರಾಗಿ ನಿಂತೆ. ಭಾವ ತಮ್ಮ ಕಣಕಾಲು ಹಿಡಿದುಕೊಂಡಿದ್ದರು. ಆಮೇಲೆ ಎದುರಿಗೆ ನಿಂತ ಕೆಂಚಿಯ ಎಡಗಾಲನ್ನು ನೋಡಿದರು. ಅದು ಆಗಲೂ ಅರ್ಧ ಎತ್ತಿಕೊಂಡೇ ಇತ್ತು. ತಮ್ಮ ಕಾಲು ಮರೆತು ಅವಳ ಆ ಬೆರಳನ್ನು ಕೈಗೆ ತಗೊಂಡರು.

"ಇಷ್ಟ್ ನೋಯ್ತದಾ ಇದು?" ಎಂದು ಕೇಳಿದರು. ನನ್ನನ್ನಲ್ಲ, ಅವಳನ್ನು. ಮೂರು ಸಲ ಪಟ್ಟಿ ಕಟ್ಟಿಸಿದ ಮನುಷ್ಯ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಹಾರ ಹಾಕಿಕೊಂಡ ಮಾದೇವಣ್ಣ ಬಂದು, "ಗೌಡ್ರೆ, ಮೊದ್ಲೇ ಹೇಳ್ಬಾರ್ದಾ? ನಿಮ್ಮನ್ನ ಇಲ್ಲಿ ಹಿಡ್ಕೊಂಡು ನಾಯೀನ ಅಲ್ಲಿ ಕೂಗಕ್ಕೆ ಬುಡ್ತಿದ್ವಿ" ಎಂದರು. ಹೇಳಿ, ತಾವೇ ಭಾವನ ತೋಳಿಗೆ ಹೆಗಲು ಕೊಟ್ಟು ಎಬ್ಬಿಸಿದರು. ನಮ್ಮನ್ನು ಒಂದು ಟೆಂಪೋಗೆ ಹತ್ತಿಸಿ, ಸ್ಕೂಟರನ್ನು ಅದರ ಹಿಂದೆ ಕಟ್ಟಿ ಕಳಿಸಿದವರೂ ಅವರೇ.

ಅಕ್ಕ ಬಾಗಿಲಲ್ಲಿ ನಿಂತು ನಮ್ಮ ಮೆರವಣಿಗೆ ಇಳಿಯುವುದನ್ನು ನೋಡಿದಳು. ಮೊದಲು ಕೆಂಚಿ, ಆಮೇಲೆ ಒಂಟಿಕಾಲಿನಲ್ಲಿ ಭಾವ, ಕೊನೆಗೆ ಎಲ್ಲೂ ಕಾಣಿಸಿಕೊಳ್ಳದಂತೆ ನಾನು.

"ಇಬ್ರಲ್ಲಿ ಓಡಿದ್ ಯಾರು?"

"ನಾನೇ" ಎಂದರು ಭಾವ.

"ಗೆದ್ರಾ?"

"ಒಬ್ನೇ ಓಡಿದ್ದು ಕಣೆ."

ಅಕ್ಕ ನಕ್ಕಿದ್ದು ಮೂರು ಮನೆಗೆ ಕೇಳಿಸಿತು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು ಒಳಗಿಂದ ಹಳೆಯ ಪಂಚೆಯ ಚೂರು ತಂದಳು. ಕಣಕಾಲಿನ ಒಳಗಿನ ಹಗ್ಗಕ್ಕೇ ಏಟು ಬಿದ್ದಿತ್ತು. ಮುಂದಿನ ಒಂದು ಬೆಳೆಯಷ್ಟೂ ದಿನ ಜಗಲಿಯ ಮೇಲೆ ಎರಡು ಕಾಲುಗಳು 'ಜ್ವರಕ್ಕೆ ಕೂತಿದ್ದವು', ಒಂದು ಭಾವನದು, ಒಂದು ಕೆಂಚಿಯದು. ದಾರಿಯಲ್ಲಿ ಹೋಗುವವರು ನಿಂತು ಯಾರದು ಹೇಗಿದೆ ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸುತ್ತಿದ್ದರು. ಒಂದು ವಾರಕ್ಕೆ ಭಾವನ ನೋವು ಹೋಯಿತು. ಎದ್ದು ನಡೆದರು. ನಾಲ್ಕನೆಯ ಹೆಜ್ಜೆಗೆ ಅಮ್ಮಾ ಎಂದು ಗೋಡೆ ಹಿಡಿದರು. ಒಳಗಿನಿಂದ ಅಕ್ಕನ ದನಿ ಬಂತು: "ನಾಕ್ ಹುಳ ಎದ್ವು ಅಂತ ಕಾಣ್ತದೆ." ಭಾವ ವಾಪಸ್ಸು ಬಂದು ಕೆಂಚಿಯ ಪಕ್ಕದಲ್ಲಿ ಕೂತರು.

ಎರಡನೆಯ ಬೆಳೆ ಗೂಡು ಕಟ್ಟಿತು, ಮಾರ್ಕೆಟ್ಟಿಗೂ ಹೋಯಿತು. ಡಾಕ್ಟರಮ್ಮ ಬೆರಳು ಬಾಗಿಸಿ ನೋಡಿ, ಗಟ್ಟಿಯಾಗೇತಿ, ಬಿಡ್ರಿ ಇನ್ನ ಎಂದರು. ಅಕ್ಕನೂ ಆಗಬಹುದು ಎಂದಳು. ಈಗ ಬೇಡ ಎಂದವರು ಭಾವ. ಇನ್ನೊಂದು ವಾರ ಆಗಲಿ. ಮಣ್ಣು ಒಸಿ ನೆನೆಯಲಿ. ಗಾಳಿ ಜಾಸ್ತಿ ಐತೆ. ಅವಸರದ ಅವತಾರವಾಗಿದ್ದ ಮನುಷ್ಯ ಹೀಗೆ ಮೂರು ಭಾನುವಾರ ನನ್ನನ್ನು ಕರೆಸಿ ವಾಪಸ್ಸು ಕಳಿಸಿದರು. ನಾಲ್ಕನೆಯ ಭಾನುವಾರ ಅಕ್ಕನೇ ಕೆಂಚಿಯನ್ನು ಹಿಡಿದುಕೊಂಡು ಉತ್ತು ಬಿಟ್ಟಿದ್ದ ಹೊಲಕ್ಕೆ ನಡೆದಳು. ಹಿಂದಿನ ದಿನ ಒಂದು ಹದ ಮಳೆ ಬಿದ್ದಿತ್ತು. ಭಾವ ಆ ಬದುವಿನಲ್ಲಿ ನಿಂತರು, ನಾನು ಈ ಬದುವಿನಲ್ಲಿ ಹಿಡಿದು ಕೂತೆ. ಟವೆಲ್ ಇಲ್ಲ, ಜನ ಇಲ್ಲ, ಎದುರಾಳಿ ಇಲ್ಲ. ಭಾವ ಕೂಗುವ ಬದಲು ಬಗ್ಗಿ ಮಣ್ಣು ಹಿಚುಕಿ ನೋಡತೊಡಗಿದರು. ಕೆಂಚಿ ಒಂದು ಗಳಿಗೆ ಕಾದಳು. ಆಮೇಲೆ ಯಾರ ಕೂಗಿಗೂ ಕಾಯದೆ ನನ್ನ ಕೈಯಿಂದ ನುಸುಳಿ ಹೊರಟೇಬಿಟ್ಟಳು.

ಅವಳು ಹೊಲದ ಉದ್ದಕ್ಕೂ ಹೋಗಿ, ಭಾವನನ್ನು ಒಂದು ಸುತ್ತು ಹಾಕಿ, ಹಾಗೇ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಸುಮ್ಮನೆ ಸಂತೋಷಕ್ಕೆ ಓಡಿದಳು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನೋಡಿದಳು. ನಾನೂ ನೋಡಿದೆ. ಭಾವ ಮಾತ್ರ ಅವಳ ಕಡೆ ನೋಡುತ್ತಲೇ ಇರಲಿಲ್ಲ. ಬಗ್ಗಿಕೊಂಡು, ಹಸಿ ಮಣ್ಣಿನಲ್ಲಿ ಅವಳ ಹೆಜ್ಜೆ ಬಿದ್ದ ಜಾಡನ್ನೇ ಹಿಡಿದು, ಒಂದೊಂದು ಗುರುತಿನ ಮುಂದೂ ನಿಂತು, ಬೆರಳಿಟ್ಟು ನೋಡುತ್ತ ಬರುತ್ತಿದ್ದರು. ಅವಳು ಎಷ್ಟು ಜೋರಾಗಿ ಓಡಿದಳು ಎಂದು ಅವರನ್ನು ಕೇಳಿದರೆ ಇವತ್ತಿಗೂ ಹೇಳಲಾರರು. ನನ್ನ ಹತ್ತಿರ ಬಂದಾಗ ಸೊಂಟ ನೆಟ್ಟಗೆ ಮಾಡಿ, ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದರು:

"ನಾಕ್ ಬೆರಳೂ ಸಮಕ್ಕೆ ಊರವ್ಳೆ ಕಣ್ಲಾ."

ಕೆಂಚಿ ಆಮೇಲೆ ಯಾವ ಓಟಕ್ಕೂ ಹೋಗಲಿಲ್ಲ, ಓಡದೆಯೂ ಇರಲಿಲ್ಲ. ಮುದುಕಿಯಾಗಿ, ಜಗಲಿಯ ಬಿಸಿಲಲ್ಲಿ ಮಲಗಿ, ಕನಸಿನಲ್ಲಿ ಕಾಲಾಡಿಸುತ್ತ ಬಹಳ ವರ್ಷ ಬದುಕಿದಳು.

ಭಾವ ಈಗಲೂ ಗಟ್ಟಿಯಾಗಿದ್ದಾರೆ. ಆದರೆ ಮನುಷ್ಯರನ್ನು ನೋಡುವ ಅವರ ರೀತಿ ಬದಲಾಗಿದೆ. ಬಂದವರ ಮುಖ ಆಮೇಲೆ, ಮೊದಲು ಕಾಲು. ನೆನ್ನೆ ಅಕ್ಕೂರಿಗೆ ಹೋಗಿದ್ದೆ. ಬಸ್ಸಿಳಿದು ಬರುವುದನ್ನು ಜಗಲಿಯಿಂದಲೇ ಕಂಡು, ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ.

"ಅಲ್ಲೇ ನಿಲ್ಲು. ಒಸಿ ಹಿಂದಕ್ಕೋಗಿ ಇನ್ನೊಂದ್ ಸಲ ನಡ್ದು ಬಾ ನೋಡಾನ."

ನಡೆದೆ.

"ಬಲಗಾಲು ಎಳೀತಾ ಇದ್ದೀಯಲ್ಲೋ. ಎಷ್ಟ್ ದಿನ್ದಿಂದ?"

ಮಂಡಿ ನೋವು ಶುರುವಾಗಿ ನಾಲ್ಕು ತಿಂಗಳಾಗಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಯಾರೂ ಗಮನಿಸಿಯೂ ಇರಲಿಲ್ಲ. ಏನಿಲ್ಲ ಬಾವ, ಸುಮ್ನೆ, ನಾಳೆ ಅಂಗಡಿಯಲ್ಲಿ ಎರಡು ಮೋಟರ್ ಕಾಯ್ತಾ ಇವೆ ಎಂದು ಶುರುಮಾಡಿದೆ. ಭಾವ ಜಗಲಿಯ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿದರು. ನಾನು ಕಾಲು ಚಾಚಿ ಕೂತೆ.